ಉದ್ದನೆಯ ಟೆಲಿ ಲೆನ್ಸಿಗೆ ಹಗುರವಾದರೂ ಗಟ್ಟಿಯಾದ ಟ್ರೈಪಾಡ್ ಆರಿಸುವುದು ಹೇಗೆ?

ಹಕ್ಕಿ ಫೋಟೋಗ್ರಫಿಗೆ ಇಳಿದವರು 150-600 ಅಥವಾ 200-600 ಎಂಎಂ ಲೆನ್ಸ್ ಕೊಂಡ ಕೆಲವು ತಿಂಗಳಲ್ಲಿ ಟ್ರೈಪಾಡ್ ಹುಡುಕತೊಡಗುತ್ತಾರೆ. ಅಂಗಡಿಯಲ್ಲಿ ಎರಡು ಬಗೆಯ ಸಲಹೆ ಸಿಗುತ್ತದೆ. ಒಂದು, ‘ಇದು 15 ಕಿಲೋ ಹೊರುತ್ತೆ ಸಾರ್, ನಿಮ್ಮ ಲೆನ್ಸ್ ಎರಡೇ ಕಿಲೋ, ಯೋಚ್ನೆ ಬೇಡ’. ಇನ್ನೊಂದು, ‘ಭಾರ ಇದ್ದರೇನೇ ಗಟ್ಟಿ, ಹಗುರದ್ದು ತಗೋಬೇಡಿ’. ಎರಡನ್ನೂ ಪೂರ್ತಿ ನಂಬಬೇಡಿ. ಹಗುರವಾಗಿಯೂ ಗಟ್ಟಿಯಾಗಿಯೂ ಇರುವ ಟ್ರೈಪಾಡ್ ಸಿಗುತ್ತದೆ. ಆದರೆ ತೂಕವನ್ನು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಅನ್ನುವುದು ಗೊತ್ತಿರಬೇಕು. ಎತ್ತರದಲ್ಲಿ ಉಳಿಸಿ, ಹೆಡ್‌ನಲ್ಲಿ (ಕಾಲುಗಳ ಮೇಲೆ ಕೂತು ಲೆನ್ಸನ್ನು ಹಿಡಿಯುವ ಭಾಗ) ಉಳಿಸಿ, ಸೆಂಟರ್ ಕಾಲಮ್ (ನಡುವಿನಿಂದ ಮೇಲೆತ್ತುವ ಕಂಬ) ಇಲ್ಲದ್ದನ್ನು ಕೊಂಡು ಉಳಿಸಿ. ಕಾಲಿನ ಕೊಳವೆಯ ದಪ್ಪದಲ್ಲಿ ಮಾತ್ರ ಉಳಿಸಬೇಡಿ.

ಹಂತ 1: ನಿಮಗೆ ಟ್ರೈಪಾಡ್ ನಿಜಕ್ಕೂ ಬೇಕಾ?

ಮೊದಲು ನೀವು ಜಾಸ್ತಿ ಹೋಗುವ ಜಾಗ ಯಾವುದು ನೋಡಿಕೊಳ್ಳಿ. ಕಬಿನಿ, ಬಂಡೀಪುರದ ಸಫಾರಿ ಗಾಡಿಯೊಳಗೆ ಮೂರು ಕಾಲು ಬಿಡಿಸಲು ಜಾಗವೇ ಇರುವುದಿಲ್ಲ. ಅಲ್ಲಿ ಕಂಬಿಯ ಮೇಲೆ ಇಡುವ ಬೀನ್ ಬ್ಯಾಗ್ ಸಾಕು. ಖಾಲಿ ಚೀಲ ಒಯ್ದು, ಹೋದ ಊರಲ್ಲೇ ಅಕ್ಕಿಯೋ ಹೆಸರುಕಾಳೋ ತುಂಬಿಸಿಕೊಂಡರೆ ದಾರಿಯುದ್ದಕ್ಕೂ ಹೊರುವ ಕಷ್ಟವೂ ಇಲ್ಲ. ರಂಗನತಿಟ್ಟಿನ ದೋಣಿಯಲ್ಲೂ ಅಷ್ಟೆ. ದೋಣಿ ಅಲುಗಿದರೆ ಟ್ರೈಪಾಡೂ ಜೊತೆಗೇ ಅಲುಗುತ್ತದೆ. ಕೈಯಲ್ಲಿ ಹಿಡಿದು, ಅಲುಗಾಟ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸೇಶನ್ ಆನ್ ಮಾಡಿಕೊಂಡರೆ ಅದಕ್ಕಿಂತ ಚೆನ್ನಾಗಿ ಬರುತ್ತದೆ.

ಕೆರೆ ದಂಡೆ, ಹೈಡ್ (ಹಕ್ಕಿಗೆ ಕಾಣದಂತೆ ಕೂರುವ ಮರೆ), ವಾಚ್ ಟವರ್, ಗೂಡಿನಿಂದ ದೂರ ಕೂತು ಗಂಟೆಗಟ್ಟಲೆ ಕಾಯುವ ಕಡೆ ಮಾತ್ರ ಟ್ರೈಪಾಡಿಗೆ ಬೆಲೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಅಲ್ಲಿ ದಂಡೆಯ ಮೇಲೆ ಒಂದೇ ಕಡೆ ಕಾಯುವ ಕೆಲಸ. ದರೋಜಿಯಲ್ಲಿ ಸಂಜೆ ಹೊತ್ತು ದೂರದ ಬಂಡೆಯ ಮೇಲೆ ಕರಡಿ ಬರುತ್ತದೆ, ಬೆಳಕು ಇಳಿಯುತ್ತಿರುತ್ತದೆ, ಶಟರ್ ವೇಗ 1/100 ಸೆಕೆಂಡಿಗಿಂತ ಕೆಳಗೆ ಬರುತ್ತದೆ. ಇಲ್ಲೆಲ್ಲ ಟ್ರೈಪಾಡ್ ಇದ್ದವರಿಗೂ ಇಲ್ಲದವರಿಗೂ ಚಿತ್ರದಲ್ಲೇ ವ್ಯತ್ಯಾಸ ಕಾಣುತ್ತದೆ.

ಹಾರುವ ಹಕ್ಕಿಯನ್ನೇ 1/2000ದಲ್ಲಿ ತೆಗೆಯುವವರಿಗೆ ಟ್ರೈಪಾಡಿನಿಂದ ತೋಳಿಗೆ ವಿಶ್ರಾಂತಿ ಸಿಗುತ್ತದೆ, ಅಷ್ಟೆ. ಅದೂ ಸಣ್ಣ ಲಾಭವೇನಲ್ಲ. ಮೂರು ಕಿಲೋ ತೂಕವನ್ನು ಕಣ್ಣಿಗೆ ಹಿಡಿದು ಹತ್ತು ನಿಮಿಷ ನಿಂತರೆ, ಹಕ್ಕಿ ರೆಕ್ಕೆ ಬಿಚ್ಚುವ ಹೊತ್ತಿಗೆ ಕೈ ಸೋತಿರುತ್ತದೆ. ಆದರೆ ಅಷ್ಟಕ್ಕೆ ಒಂಟಿ ಕಾಲಿನ ಮಾನೋಪಾಡ್ ಕೂಡ ಸಾಕಾಗಬಹುದು. ದಿನಕ್ಕೆ ಐದಾರು ಕಿಲೋಮೀಟರ್ ನಡೆದು ಹಕ್ಕಿ ನೋಡುವವರು ನೀವಾದರೆ ಮೊದಲು ಅದನ್ನೇ ಪರೀಕ್ಷಿಸಿ.

ಹಂತ 2: ಅಲುಗಾಟ ಅಂದರೆ ಎಷ್ಟು ಅಂತ ತಿಳಿದುಕೊಳ್ಳಿ

ಇದೊಂದು ಲೆಕ್ಕ ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಫುಲ್ ಫ್ರೇಮ್ ಕ್ಯಾಮೆರಾ, 600 ಎಂಎಂ ಲೆನ್ಸ್, 20 ಮೀಟರ್ ದೂರದಲ್ಲಿ ಒಂದು ಟಿಟ್ಟಿಭ ಅಂತಿಟ್ಟುಕೊಳ್ಳಿ. ಸೆನ್ಸರಿನ ಅಗಲ 36 ಮಿ.ಮೀ. ಹಾಗಾಗಿ ಆ ದೂರದಲ್ಲಿ ಚೌಕಟ್ಟಿನೊಳಗೆ ಸಿಗುವ ಅಗಲ ಬರೀ 1.2 ಮೀಟರ್. ಸೆನ್ಸರ್ ಚಿಕ್ಕದಿರುವ ಎಪಿಎಸ್-ಸಿ ಕ್ಯಾಮೆರಾ ಆದರೆ ಇನ್ನೂ ಕಿರಿದು, ಸುಮಾರು 80 ಸೆಂ.ಮೀ.

24 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್ ಇರುತ್ತವೆ. 1.2 ಮೀಟರನ್ನು 6000ದಿಂದ ಭಾಗಿಸಿದರೆ 0.2 ಮಿ.ಮೀ. ಅಂದರೆ ಗುರಿ ಅಷ್ಟು ಸರಿದರೆ ಸಾಕು, ಒಂದು ಪಿಕ್ಸೆಲ್ ಆಚೀಚೆ ಆಯಿತು. ಅಷ್ಟು ಸರಿಯಲು ಲೆನ್ಸ್ ಎಷ್ಟು ತಿರುಗಬೇಕು ಗೊತ್ತಾ? 30 ಸೆಂ.ಮೀ. ಉದ್ದದ ಲೆನ್ಸಿನ ಒಂದು ತುದಿ 3 ಮೈಕ್ರಾನ್ ಏರಿದರೆ ಸಾಕು. ತಲೆಕೂದಲಿನ ದಪ್ಪದಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು! ಶಟರ್ ತೆರೆದಿರುವ ಹೊತ್ತಿನಲ್ಲಿ ಇದರ ಹತ್ತು ಪಟ್ಟು ಅಲುಗಿದರೆ ಹಕ್ಕಿಯ ಕಣ್ಣಿನ ಸುತ್ತಲಿನ ಗೆರೆ ಕಲಸಿಹೋಗುತ್ತದೆ.

ಹಾಗಾಗಿ ಟ್ರೈಪಾಡ್ ಬೀಳದೆ ನಿಂತಿದೆಯಾ ಅನ್ನುವುದು ಇಲ್ಲಿ ವಿಷಯವೇ ಅಲ್ಲ. ಎರಡು ಕಿಲೋ ಹೊತ್ತು ಬೀಳದೆ ನಿಲ್ಲುವುದು ಯಾವ ಟ್ರೈಪಾಡಿಗೂ ಕಷ್ಟವಲ್ಲ. ಗಾಳಿಗೋ, ಬೆರಳಿನ ಒತ್ತಡಕ್ಕೋ ಎಷ್ಟು ತಿರುಚುತ್ತದೆ, ಮತ್ತೆ ಎಷ್ಟು ಬೇಗ ಸುಮ್ಮನಾಗುತ್ತದೆ ಅನ್ನುವುದನ್ನು ನೋಡಬೇಕು.

ಹಂತ 3: ‘ಎಷ್ಟು ಕಿಲೋ ಹೊರುತ್ತೆ’ ಅನ್ನುವುದನ್ನು ಪಕ್ಕಕ್ಕಿಡಿ

ಪೆಟ್ಟಿಗೆಯ ಮೇಲೆ 10 ಕಿಲೋ, 15 ಕಿಲೋ, 25 ಕಿಲೋ ಅಂತ ಬರೆದಿರುತ್ತದೆ. ಇದನ್ನು ಅಳೆಯಲು ಎಲ್ಲ ಕಂಪನಿಗಳೂ ಪಾಲಿಸುವ ಒಂದು ಸಾಮಾನ್ಯ ಮಾನದಂಡವೇ ಇಲ್ಲ. ಒಬ್ಬರು ಕಾಲು ಜಾರುವವರೆಗೆ ಭಾರ ಹೇರಿ ಬರೆಯಬಹುದು, ಇನ್ನೊಬ್ಬರು ಅದರ ಅರ್ಧ ಬರೆದು ಸುಮ್ಮನಿರಬಹುದು. ಎರಡು ಬ್ರ್ಯಾಂಡುಗಳ ಅಂಕಿ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಲೆನ್ಸಿನ ತೂಕದ ಮೂರು ಪಟ್ಟು ಇರಬೇಕು, ನಾಲ್ಕು ಪಟ್ಟು ಇರಬೇಕು ಅನ್ನುವ ಸೂತ್ರಗಳೂ ಇದೇ ಅಂಕಿಯ ಮೇಲೆ ನಿಂತಿವೆ. ನನ್ನ ಮಟ್ಟಿಗೆ ಅವು ಸುಮ್ನೆ ಸಮಾಧಾನಕ್ಕೆ.

ಇನ್ನೊಂದು ಮಾತು. ಹೊಸ ಲೆನ್ಸುಗಳು ಹಗುರವಾಗುತ್ತಿವೆ. ನಿಕಾನಿನ 500 ಎಂಎಂ ಎಫ್/5.6 ಪಿಎಫ್ ಒಂದೂವರೆ ಕಿಲೋಗಿಂತ ತುಸು ಕಡಿಮೆ. ಅದೇ ಕಂಪನಿಯ 200-500 ಸುಮಾರು 2.3 ಕಿಲೋ. ತೂಕ ನೋಡಿದರೆ ಮೊದಲನೆಯದಕ್ಕೆ ಸಣ್ಣ ಟ್ರೈಪಾಡ್ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಎರಡೂ 500 ಎಂಎಂ. ಅಲುಗಾಟವನ್ನು ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ ತೋರಿಸುತ್ತವೆ. ಲೆನ್ಸ್ ಹಗುರವಾಯಿತು ಅಂತ ಕಾಲಿನ ದಪ್ಪ ಇಳಿಸಲು ಹೋಗಬೇಡಿ.

ಹಂತ 4: ಕೊಳವೆಯ ದಪ್ಪ ನೋಡಿ

ಟ್ರೈಪಾಡ್ ಕೊಳ್ಳುವಾಗ ನಾನು ಮೊದಲು ಕೇಳುವುದು ಮೇಲಿನ ಕೊಳವೆಯ ಅಡ್ಡಳತೆ ಎಷ್ಟು ಮಿ.ಮೀ., ತೀರ ಕೆಳಗಿನದು ಎಷ್ಟು ಅಂತ. ಒಂದೇ ಗೋಡೆ ದಪ್ಪದ ಕೊಳವೆಗಳಲ್ಲಿ ಬಾಗದೆ ನಿಲ್ಲುವ ಶಕ್ತಿ ಹೆಚ್ಚುಕಡಿಮೆ ಅಡ್ಡಳತೆಯ ಘನದ ಲೆಕ್ಕದಲ್ಲಿ ಏರುತ್ತದೆ. 28 ಮಿ.ಮೀ. ಬದಲು 32 ಮಿ.ಮೀ. ತಗೊಂಡರೆ ಒಂದೂವರೆ ಪಟ್ಟು ಗಟ್ಟಿ. 22ಕ್ಕೂ 32ಕ್ಕೂ ಹೋಲಿಸಿದರೆ ಮೂರು ಪಟ್ಟು. 28ರಿಂದ 32ಕ್ಕೆ ಹೋಗುವ ನಾಲ್ಕು ಮಿಲಿಮೀಟರಿಗೆ ಕಾರ್ಬನ್ ಟ್ರೈಪಾಡಿನಲ್ಲಿ ಕೊಡಬೇಕಾದ ತೂಕ ಮಾತ್ರ ಕೆಲವು ನೂರು ಗ್ರಾಂ.

100-400, 100-500 ತರಹದ ಲೆನ್ಸಿಗೆ 28 ಮಿ.ಮೀ. ನಡೆಯುತ್ತದೆ. 150-600, 180-600, 200-600, 200-800 ಇವೆಲ್ಲಕ್ಕೂ 32 ಮಿ.ಮೀ. ಬೇಕು. ಇದರಲ್ಲಿ ರಾಜಿ ಬೇಡ. 600 ಎಂಎಂ ಎಫ್/4 ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಇದ್ದವರು 36 ಅಥವಾ ಅದಕ್ಕಿಂತ ದಪ್ಪದ್ದನ್ನು ನೋಡಬೇಕು. ಅಂಥ ಹೊಸ ಲೆನ್ಸುಗಳೂ ಈಗ ಮೂರು ಕಿಲೋ ಆಸುಪಾಸಿಗೆ ಇಳಿದಿರುವುದರಿಂದ ಒಳ್ಳೆಯ 32ರಲ್ಲಿ ಸುಧಾರಿಸುವವರೂ ಇದ್ದಾರೆ.

ಮಾಡೆಲ್ ನಂಬರಿನಲ್ಲೇ ಈ ಮಾಹಿತಿ ಎಷ್ಟೋ ಸಲ ಅಡಗಿರುತ್ತದೆ. ಲಿಯೋಫೋಟೋ ಎಲ್‌ಎಸ್-324ಸಿ ಅಂದರೆ 32 ಮಿ.ಮೀ., ನಾಲ್ಕು ಭಾಗದ (ಒಂದರೊಳಗೊಂದು ಸೇರುವ ನಾಲ್ಕು ಕೊಳವೆಯ) ಕಾಲು, ಕಾರ್ಬನ್. ಗಿಟ್ಝೋದಲ್ಲಿ ಮೊದಲ ಅಂಕಿ ಸೀರೀಸ್, ಮೂರನೆಯ ಅಂಕಿ ಭಾಗಗಳ ಸಂಖ್ಯೆ. ಜಿಟಿ3543ಎಲ್‌ಎಸ್ ಅಂದರೆ 3ನೇ ಸೀರೀಸ್, ನಾಲ್ಕು ಭಾಗ. ಅವರ 3ನೇ ಸೀರೀಸಿನ ಮೇಲಿನ ಕೊಳವೆ ಸುಮಾರು 33 ಮಿ.ಮೀ. ಬೇರೆ ಬ್ರ್ಯಾಂಡುಗಳಲ್ಲಿ ನಂಬರಿನಿಂದ ಗೊತ್ತಾಗದಿದ್ದರೆ ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆದುಬಿಡಿ. ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ.

ಕೆಳಗಿನ ಕೊಳವೆಯನ್ನು ಯಾರೂ ನೋಡುವುದಿಲ್ಲ. 32ರಿಂದ ಶುರುವಾಗುವ ನಾಲ್ಕು ಭಾಗದ ಕಾಲಿನಲ್ಲಿ ಸಾಮಾನ್ಯವಾಗಿ 32, 28, 25, 22 ಹೀಗೆ ಇಳಿಯುತ್ತದೆ. ಐದನೇ ಭಾಗ ಬಂದರೆ 19. ಅಷ್ಟು ತೆಳುವಾದ ಕಡ್ಡಿಯ ಮೇಲೆ 600 ಎಂಎಂ ಲೆನ್ಸ್ ನಿಂತಿದ್ದರೆ ಮೇಲೆ 32 ಇದ್ದೂ ಏನು ಬಂತು? ಐದು ಭಾಗದ್ದು ಮಡಚಿದಾಗ ಚಿಕ್ಕದಾಗುತ್ತದೆ, ಸೂಟ್‌ಕೇಸಿನಲ್ಲಿ ಕೂರುತ್ತದೆ. ಪ್ರವಾಸಕ್ಕೆ ಚೆನ್ನ, ಈ ಕೆಲಸಕ್ಕಲ್ಲ. ಮೂರು ಭಾಗದ್ದು ಎಲ್ಲಕ್ಕಿಂತ ಗಟ್ಟಿ, ಬಿಡಿಸಲೂ ಬೇಗ. ಆದರೆ ಮಡಚಿದರೂ ಉದ್ದ. ಕಾರಿನಲ್ಲಿ ಓಡಾಡುವವರು ಮೂರು ಭಾಗದ್ದು ತಗೊಳ್ಳಿ. ಬಸ್ಸು, ಬೈಕಿನಲ್ಲಿ ಹೋಗುವವರಿಗೆ ನಾಲ್ಕು ಭಾಗದ್ದೇ ಸರಿ.

ಹಂತ 5: ಎತ್ತರದಲ್ಲಿ ತೂಕ ಉಳಿಸಿ

‘ನನ್ನ ಎತ್ತರಕ್ಕೆ ಬರುವ ಟ್ರೈಪಾಡ್ ಬೇಕು’ ಅಂತ ಎಲ್ಲರೂ ಕೇಳುತ್ತಾರೆ. ಹೆಡ್ಡಿನ ಎತ್ತರವನ್ನು ಲೆಕ್ಕಕ್ಕೆ ತಗೊಳ್ಳುವವರು ಕಡಿಮೆ.

ನಿಮ್ಮ ಎತ್ತರ 170 ಸೆಂ.ಮೀ. ಅನ್ನಿ. ಕಣ್ಣು ಸುಮಾರು 158ರಲ್ಲಿ ಇರುತ್ತದೆ. ಗಿಂಬಲ್ ಹೆಡ್ (ಉದ್ದ ಲೆನ್ಸನ್ನು ಸಮತೂಕದಲ್ಲಿ ಹಿಡಿಯುವ ಹೆಡ್, ಹಂತ 7ರಲ್ಲಿ ಹೇಳುತ್ತೇನೆ) ಹಾಕಿದರೆ ಲೆನ್ಸ್ ಟ್ರೈಪಾಡಿನ ತಲೆಯಿಂದ, ಅಂದರೆ ಕಾಲುಗಳು ಸೇರುವ ಜಾಗದಿಂದ, 20 ಸೆಂ.ಮೀ.ಗಿಂತ ಮೇಲೆಯೇ ಕೂರುತ್ತದೆ. ಅಲ್ಲಿಗೆ ಕಾಲು 135-138 ಸೆಂ.ಮೀ. ಇದ್ದರೆ ಸಮತಟ್ಟು ನೆಲದಲ್ಲಿ ನೇರ ನಿಂತು ನೋಡಬಹುದು. ಮರದ ಮೇಲಿನ ಹಕ್ಕಿಗೆ ಲೆನ್ಸ್ ಎತ್ತಿದಾಗ ಕ್ಯಾಮೆರಾ ಹಿಂದೆ ಕೆಳಗಿಳಿಯುತ್ತದೆ, ನೀವು ಬಗ್ಗಬೇಕಾಗುತ್ತದೆ. ಇಳಿಜಾರಿನಲ್ಲಿ ಒಂದು ಕಾಲು ಉದ್ದ ಮಾಡಬೇಕಾಗುತ್ತದೆ. ಅದಕ್ಕೆಂದು ಇನ್ನೊಂದು ಹತ್ತು ಸೆಂ.ಮೀ. ಸೇರಿಸಿ. ಅದಕ್ಕಿಂತ ಮೇಲೆ ಹೋಗುವುದು ಬಹಳ ಜನಕ್ಕೆ ಅನಗತ್ಯ ತೂಕ. ಪಶ್ಚಿಮ ಘಟ್ಟದ ಕಾಡಿನಲ್ಲಿ ತಲೆ ಮೇಲಿನ ಕೊಂಬೆಯ ಮಂಗಟ್ಟೆಯನ್ನೇ ದಿನವಿಡೀ ತೆಗೆಯುವವರು ಬೇಕಾದರೆ ಎತ್ತರದ್ದು ಕೊಳ್ಳಲಿ.

ಕೆರೆ ದಂಡೆಯಲ್ಲಿ ಚೆಂದದ ಚಿತ್ರ ಬರುವುದು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದಾಗ. ಅಂದರೆ ನೆಲಕ್ಕೆ ಕೂತು, ಇಲ್ಲ ಮಲಗಿ. ಹಾಗೆ ಕೆಲಸ ಮಾಡುವವರಿಗೆ 110-120 ಸೆಂ.ಮೀ. ಕಾಲಿನ ಟ್ರೈಪಾಡೇ ಧಾರಾಳ. ಸಣ್ಣ ಸ್ಟೂಲ್ ಜೊತೆಗಿಟ್ಟುಕೊಂಡರೆ ಅರ್ಧ ದಿನ ಆರಾಮವಾಗಿ ಕಳೆಯಬಹುದು. ಕಾಲು ಗಿಡ್ಡವಾದಷ್ಟೂ ಬಾಗುವುದು ಕಡಿಮೆ, ಹೊರುವುದೂ ಕಡಿಮೆ. ಈ ಒಂದು ತೀರ್ಮಾನದಲ್ಲೇ 300-400 ಗ್ರಾಂ ಉಳಿಯುತ್ತದೆ.

ಸೆಂಟರ್ ಕಾಲಮ್ ಇಲ್ಲದ್ದನ್ನೇ ತಗೊಳ್ಳಿ. ಕಾಲಮ್ ಎತ್ತಿದರೆ ಟ್ರೈಪಾಡಿನ ಮೇಲೆ ಮಾನೋಪಾಡ್ ನಿಲ್ಲಿಸಿದ ಹಾಗೆ. ಎತ್ತದೆ ಇಟ್ಟರೆ ಸುಮ್ನೆ ಹೊರುವ ಭಾರ, ಜೊತೆಗೆ ನೆಲಮಟ್ಟಕ್ಕೆ ಇಳಿಸಲೂ ಅಡ್ಡಿ. ಇರುವ ಟ್ರೈಪಾಡಿನಲ್ಲಿ ಕಾಲಮ್ ಇದ್ದರೆ, ಅದನ್ನು ತೆಗೆದು ಗಿಡ್ಡ ಪ್ಲೇಟ್ ಹಾಕಲು ಬರುತ್ತದಾ ನೋಡಿ. ಕೆಲವು ಮಾಡೆಲುಗಳಲ್ಲಿ ಆ ವ್ಯವಸ್ಥೆ ಇದೆ.

ಹಂತ 6: ಕಾರ್ಬನ್ನೋ ಅಲ್ಯೂಮಿನಿಯಮ್ಮೋ

ದುಡ್ಡಿದ್ದರೆ ಕಾರ್ಬನ್. ಅಷ್ಟೇ ದಪ್ಪದ ಅಲ್ಯೂಮಿನಿಯಮ್ಮಿಗಿಂತ ಹಗುರ, ನಡುಕ ಬೇಗ ಅಡಗುತ್ತದೆ, ಬಿಸಿಲಿನಲ್ಲಿ ಕೈ ಸುಡುವುದಿಲ್ಲ. ದುಡ್ಡು ಕಡಿಮೆ ಇದ್ದರೆ ತೆಳುವಾದ ಕಾರ್ಬನ್‌ಗಿಂತ ದಪ್ಪನೆಯ ಅಲ್ಯೂಮಿನಿಯಂ ವಾಸಿ. ‘ಕಾರ್ಬನ್’ ಅಂತ ಬರೆದ 25 ಮಿ.ಮೀ. ಟ್ರಾವೆಲ್ ಟ್ರೈಪಾಡ್ ನೋಡಿ ಮರುಳಾಗಬೇಡಿ. ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಪೆಟ್ಟು ಬಿದ್ದರೆ ನೆಗ್ಗುತ್ತದೆ, ಕಾರ್ಬನ್ ಬಿರುಕು ಬಿಡುತ್ತದೆ. ನೆಗ್ಗಿದ್ದು ಕಣ್ಣಿಗೆ ಕಾಣುತ್ತದೆ, ಬಿರುಕು ಎಷ್ಟೋ ಸಲ ಕಾಣುವುದಿಲ್ಲ.

ಕಾಲಿನ ಭಾಗಗಳನ್ನು ಬಿಗಿ ಮಾಡುವ ಲಾಕಿನಲ್ಲಿ ತಿರುಗಿಸುವುದೂ ಇದೆ, ಮಡಚುವ ಕ್ಲಿಪ್ಪೂ ಇದೆ. ದಪ್ಪ ಕಾಲಿನ ಟ್ರೈಪಾಡುಗಳಲ್ಲಿ ಈಗ ತಿರುಗಿಸುವುದೇ ಜಾಸ್ತಿ. ಒದ್ದೆ ಕೈಯಲ್ಲೂ ಹಿಡಿತ ಸಿಗುವಷ್ಟು ಅಗಲದ ರಬ್ಬರ್ ಬಳೆ ಇರಬೇಕು. ಸುಮಾರು ಅರ್ಧ ಸುತ್ತಿಗೇ ಬಿಗಿಯಾಗಬೇಕು. ಬಿಚ್ಚಿ ತೊಳೆಯಲು ಬರಬೇಕು. ಇಷ್ಟಿದ್ದರೆ ಯಾವುದಾದರೂ ಸರಿ.

ಹಂತ 7: ಹೆಡ್ ಆರಿಸಿ

ಬಾಲ್ ಹೆಡ್ಡಿನ ಮೇಲೆ 150-600 ಕೂರಿಸಿದವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಲಾಕ್ ತುಸು ಸಡಿಲ ಮಾಡಿದ ಕೂಡಲೇ ಲೆನ್ಸ್ ಧಡ್ಡನೆ ಪಕ್ಕಕ್ಕೆ ಬೀಳುತ್ತದೆ. ಬೆರಳು ಸಿಕ್ಕಿಕೊಂಡರೆ ಜಜ್ಜುತ್ತದೆ, ಟ್ರೈಪಾಡೇ ಮಗುಚುವುದೂ ಉಂಟು. ಭಾರ ಚೆಂಡಿನ ಮೇಲೆ ಕೂತಿರುವುದರಿಂದ ಹೀಗಾಗುತ್ತದೆ. ಗಿಂಬಲ್‌ನಲ್ಲಿ ಲೆನ್ಸಿನ ಭಾರದ ಕೇಂದ್ರ ತಿರುಗುವ ಕೀಲಿನ ಮಟ್ಟದಲ್ಲೇ ಇರುತ್ತದೆ. ಲಾಕ್ ಪೂರ್ತಿ ಬಿಟ್ಟರೂ ಇದ್ದಲ್ಲೇ ನಿಲ್ಲುತ್ತದೆ. ಒಂದೇ ಬೆರಳಲ್ಲಿ ಮೇಲೆ ಕೆಳಗೆ ಆಡಿಸಬಹುದು. ಓಡಾಡುವ, ಹಾರುವ ಹಕ್ಕಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ.

ಗಿಂಬಲ್‌ಗೆ ಇರುವ ಒಂದೇ ದೋಷ ಅದರ ತೂಕ. ವಿಂಬರ್ಲಿಯಂಥ ಪೂರ್ಣ ಗಾತ್ರದ್ದು ಒಂದೂವರೆ ಕಿಲೋ ಹತ್ತಿರ ಬರುತ್ತದೆ. ಕಾರ್ಬನ್ ತೋಳಿನದು, ಅಥವಾ ಕೆಳಗಿನ ತೊಟ್ಟಿಲು ಇಲ್ಲದೆ ಲೆನ್ಸನ್ನು ಪಕ್ಕದಿಂದಲೇ ಹಿಡಿಯುವ ಸೈಡ್ ಮೌಂಟ್ ಗಿಂಬಲ್ ತಗೊಂಡರೆ ಅರ್ಧದಷ್ಟು ಇಳಿಸಬಹುದು. ಎರಡು ಕಿಲೋ ಲೆನ್ಸಿಗೆ ಸೈಡ್ ಮೌಂಟ್ ಚೆನ್ನಾಗಿಯೇ ಹೊಂದುತ್ತದೆ. ಒಟ್ಟು ಹೊರೆಯ ಲೆಕ್ಕ ನೋಡಿ. ಎತ್ತರದ ಕಾಲು 1.9, ದೊಡ್ಡ ಗಿಂಬಲ್ 1.3, ಲೆನ್ಸ್ 2.1, ಬಾಡಿ 0.7, ಒಟ್ಟು 6 ಕಿಲೋ. ಅದೇ 32 ಮಿ.ಮೀ. ಕಾಲಿನಲ್ಲೇ ಗಿಡ್ಡದ್ದು 1.6, ಸಣ್ಣ ಗಿಂಬಲ್ 0.7 ಆದರೆ 5.1 ಕಿಲೋ. ಕೊಳವೆಯನ್ನು ಮುಟ್ಟದೆ 900 ಗ್ರಾಂ ಇಳಿಯಿತು.

ವಿಡಿಯೋ ಜಾಸ್ತಿ ಮಾಡುವವರಿಗೆ ಜರ್ಕ್ ಇಲ್ಲದೆ ನಯವಾಗಿ ತಿರುಗುವ ಫ್ಲೂಯಿಡ್ ಹೆಡ್ ಬೇಕು. 100-500ರಂಥ ಹಗುರ ಲೆನ್ಸ್ ಇಟ್ಟುಕೊಂಡು ಕೂತ ಹಕ್ಕಿಯನ್ನಷ್ಟೇ ತೆಗೆಯುವವರಿಗೆ, ಫ್ರಿಕ್ಷನ್ ಬಿಗಿ ಮಾಡುವ ತಿರುಪು ಇರುವ ದೊಡ್ಡ ಬಾಲ್ ಹೆಡ್ ಸಾಕು.

ಗಿಂಬಲ್ ತಂದ ಮೇಲೆ ಬ್ಯಾಲೆನ್ಸ್ ಮಾಡುವುದನ್ನು ಕಲಿಯಿರಿ. ಹುಡ್ (ಲೆನ್ಸಿನ ಮುಂದೆ ಹಾಕುವ ಬಿಸಿಲು ಮರೆ), ಬಾಡಿ, ಬ್ಯಾಟರಿ ಎಲ್ಲ ಹಾಕಿ, ನೀವು ಜಾಸ್ತಿ ಬಳಸುವ ಜೂಮಿನಲ್ಲಿ ಇಡಿ. ಜೂಮ್ ಮಾಡಿದಾಗ ಮುಂದಕ್ಕೆ ಚಾಚುವ ಲೆನ್ಸಾದರೆ ಬ್ಯಾಲೆನ್ಸ್ ಬದಲಾಗುತ್ತದೆ. ಸೋನಿ 200-600, ನಿಕಾನ್ ಝಡ್ 180-600 ಒಳಗೇ ಜೂಮ್ ಆಗುವುದರಿಂದ ಆ ಕಾಟ ಕಡಿಮೆ. ಕೈ ಆಧಾರ ಕೊಟ್ಟುಕೊಂಡು ಮೇಲೆ-ಕೆಳಗಿನ ಲಾಕ್ ಬಿಡಿ. ಮುಂದೆ ಬಾಗಿದರೆ ಲೆನ್ಸನ್ನು ಹಿಂದಕ್ಕೆ ಸರಿಸಿ, ಹಿಂದೆ ಬಾಗಿದರೆ ಮುಂದಕ್ಕೆ. ಅದು ಸರಿಯಾದ ಮೇಲೆ 45 ಡಿಗ್ರಿ ಮೇಲಕ್ಕೆ ತಿರುಗಿಸಿ ಕೈ ಬಿಡಿ. ಇನ್ನೂ ಅದೇ ದಿಕ್ಕಿಗೆ ಬೀಳುತ್ತಿದ್ದರೆ ಲೆನ್ಸ್ ಕೀಲಿಗಿಂತ ಮೇಲಿದೆ, ಇಳಿಸಬೇಕು. ತಾನಾಗಿ ಮಟ್ಟಕ್ಕೆ ವಾಪಸ್ ಬರುತ್ತಿದ್ದರೆ ಕೆಳಗಿದೆ, ಏರಿಸಬೇಕು. ಸೈಡ್ ಮೌಂಟಿನಲ್ಲಿ ಲೆನ್ಸ್ ಸಾಮಾನ್ಯವಾಗಿ ಕೀಲಿನ ಮಟ್ಟದಲ್ಲೇ ಕೂರುವುದರಿಂದ ಈ ಏರಿಸಿ ಇಳಿಸುವ ಕೆಲಸ ಅಷ್ಟಾಗಿ ಇರುವುದಿಲ್ಲ. ಸರಿಯಾದ ಜಾಗ ಸಿಕ್ಕಿದ ಮೇಲೆ ಪ್ಲೇಟಿನ ಮೇಲೆ ಮಾರ್ಕರಿನಲ್ಲಿ ಗೀಟು ಹಾಕಿಕೊಳ್ಳಿ. ಬೆಳಗಿನ ಕತ್ತಲಲ್ಲಿ ಹುಡುಕಾಟ ತಪ್ಪುತ್ತದೆ.

ಹಂತ 8: ಲೆನ್ಸಿನ ಪಾದ ಮರೆಯಬೇಡಿ

ದುಬಾರಿ ಕಾಲು, ದುಬಾರಿ ಗಿಂಬಲ್, ಆದರೂ ಚಿತ್ರ ಅಲುಗಿದೆ. ಅಂಥ ಕಡೆ ಮೊದಲು ನೋಡಬೇಕಾದ್ದು ಲೆನ್ಸಿನ ಕಾಲರ್ (ಲೆನ್ಸನ್ನು ಸುತ್ತಿ ಹಿಡಿಯುವ ಬಳೆ) ಮತ್ತು ಅದರ ಪಾದ. ಕಂಪನಿ ಕೊಡುವ ಪಾದಗಳು ಹಲವು ಸಲ ಎತ್ತರ, ತೆಳು. ಹುಡ್ ಹಿಡಿದು ಮೆಲ್ಲಗೆ ಒತ್ತಿದರೆ ಪಾದವೇ ಬಾಗುವುದು ಕಾಣುತ್ತದೆ. ಕಾಲರ್ ತಿರುಪು ಸಡಿಲ ಇದ್ದರಂತೂ ಮುಗಿಯಿತು.

ಪಾದದ ಕೆಳಗೆ, ಹೆಡ್ಡಿನ ಕ್ಲಾಂಪಿನಲ್ಲಿ (ಹಿಡಿಕೆಯಲ್ಲಿ) ಕೂರುವ ಆರ್ಕಾ-ಸ್ವಿಸ್ ಮಾದರಿಯ, ಸುಮಾರು 38 ಮಿ.ಮೀ. ಅಗಲದ ಉದ್ದನೆಯ ಪ್ಲೇಟ್ ಹಾಕಿ. ಒಂದೇ ತಿರುಪಿನ ಮೇಲೆ ನಿಂತ ಪ್ಲೇಟ್ ದಿನ ಕಳೆದಂತೆ ತಿರುಗುತ್ತದೆ. ಪಾದದಲ್ಲಿ ಎರಡು ತೂತು ಇದ್ದರೆ ಎರಡಕ್ಕೂ ತಿರುಪು ಹಾಕಿ. ಪ್ಲೇಟಿನ ತುದಿಯಲ್ಲಿ ಸಣ್ಣ ತಡೆ ತಿರುಪುಗಳು ಇರುತ್ತವೆ, ಅವನ್ನು ಬೇಡ ಅಂತ ಬಿಚ್ಚಿಡಬೇಡಿ. ಕ್ಲಾಂಪ್ ಸಡಿಲವಾದರೂ ಲೆನ್ಸ್ ಜಾರಿ ನೆಲಕ್ಕೆ ಬೀಳದಂತೆ ತಡೆಯುವುದು ಅವೇ. ಪಾದವನ್ನೇ ಬದಲಿಸಿ, ಆರ್ಕಾ ಆಕಾರ ಕೊರೆದಿರುವ ಗಿಡ್ಡ ಪಾದ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಪ್ಲೇಟಿನ ತೂಕವೂ ಉಳಿಯುತ್ತದೆ.

ಹಂತ 9: ಅಂಗಡಿಯಲ್ಲಿ ಪರೀಕ್ಷೆ

ನಿಮ್ಮದೇ ಲೆನ್ಸ್, ಕ್ಯಾಮೆರಾ ಒಯ್ಯಿರಿ. ಕಾಲು ಪೂರ್ತಿ ಬಿಡಿಸಿ. ಮೊದಲು ಹೆಡ್ ಇಲ್ಲದೆ, ಟ್ರೈಪಾಡಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಟಲಿ ಮುಚ್ಚಳ ತಿರುಗಿಸುವ ಹಾಗೆ ತಿರುಚಿ ನೋಡಿ. ಉದ್ದ ಲೆನ್ಸಿಗೆ ಜಾಸ್ತಿ ಕಾಡುವುದು ಈ ಅಡ್ಡ ತಿರುಚಾಟವೇ. ಕೈಗೆ ಸ್ಪ್ರಿಂಗಿನಂತೆ ಅನ್ನಿಸಿದರೆ ಕೆಳಗಿಡಿ.

ಆಮೇಲೆ ಲೆನ್ಸ್ ಕೂರಿಸಿ, ಬಾಗಿಲಾಚೆ ದೂರದ ಬೋರ್ಡಿನ ಅಕ್ಷರಕ್ಕೋ ಕರೆಂಟ್ ಕಂಬದ ನಂಬರಿಗೋ ಫೋಕಸ್ ಮಾಡಿ. ಸ್ಟೆಬಿಲೈಸೇಶನ್ ಆಫ್ ಮಾಡಿ. ಹಿಂದಿನ ಪರದೆಯಲ್ಲಿ 10 ಪಟ್ಟು ಹಿಗ್ಗಿಸಿ. ಈಗ ಹುಡ್ ತುದಿಗೆ ಬೆರಳಿನಿಂದ ಒಂದು ಸಣ್ಣ ಏಟು. ಅಕ್ಷರ ಕುಣಿಯುತ್ತದೆ. ಎಷ್ಟು ಹೊತ್ತಿಗೆ ನಿಂತಿತು ಎಣಿಸಿ. ಒಂದು ಸೆಕೆಂಡಿನ ಒಳಗೆ ನಿಂತರೆ ಒಳ್ಳೆಯದು. ಮೂರು ನಾಲ್ಕು ಸೆಕೆಂಡ್ ತೂಗುತ್ತಲೇ ಇದ್ದರೆ ಆ ಟ್ರೈಪಾಡ್ ನಿಮಗಲ್ಲ. ಇನ್ನೊಂದು ಮಾಡೆಲ್ ಪಕ್ಕದಲ್ಲೇ ಇಟ್ಟು ಅದೇ ಏಟು ಕೊಟ್ಟು ಹೋಲಿಸಿ. ಸೆಂಟರ್ ಕಾಲಮ್ ಇರುವುದಿದ್ದರೆ ಎತ್ತಿ ಒಮ್ಮೆ, ಇಳಿಸಿ ಒಮ್ಮೆ ನೋಡಿ. ಯಾಕೆ ಬೇಡ ಅಂದೆ ಅಂತ ಆಗ ಅರ್ಥವಾಗುತ್ತದೆ. ಮರದ ಅಟ್ಟ, ಲಿಫ್ಟ್ ಪಕ್ಕದ ನೆಲ ಇವುಗಳ ಮೇಲೆ ಈ ಪರೀಕ್ಷೆ ಮಾಡಬೇಡಿ, ನೆಲದ ನಡುಕವೇ ಸೇರಿಕೊಳ್ಳುತ್ತದೆ.

ಆನ್‌ಲೈನ್‌ನಲ್ಲಿ ತರಿಸುವವರು ವಾಪಸ್ ಮಾಡುವ ಅವಧಿ ನೋಡಿಕೊಂಡು, ಬಂದ ದಿನವೇ ತಾರಸಿ ಮೇಲೆ ಇದನ್ನೇ ಮಾಡಿ.

ದುಡ್ಡು ಹಂಚುವ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಕಾಲು, ಹೆಡ್, ಪ್ಲೇಟ್ ಮೂರೂ ಸೇರಿ ಲೆನ್ಸ್ ಬೆಲೆಯ ಐದರಲ್ಲಿ ಒಂದು ಪಾಲಾದರೂ ಎತ್ತಿಡಿ. ಅದರಲ್ಲಿ ದೊಡ್ಡ ಭಾಗ ಕಾಲಿಗೆ ಹೋಗಲಿ. ಹೆಡ್ ಮುಂದೆ ಬದಲಿಸಬಹುದು. ಕಾಲು ಒಳ್ಳೆಯದಿದ್ದರೆ ಎರಡು ಮೂರು ಲೆನ್ಸ್ ಬದಲಾದರೂ ಅದೇ ಇರುತ್ತದೆ.

ಹಂತ 10: ತಂದ ಮೇಲೆ ಸರಿಯಾಗಿ ನಿಲ್ಲಿಸಿ

ದಪ್ಪ ಭಾಗಗಳನ್ನು ಮೊದಲು ಬಿಡಿಸಿ, ತೆಳುವಾದ ಕೊನೆಯ ಭಾಗವನ್ನು ಬೇಕಾದರೆ ಮಾತ್ರ. ಕೆರೆಯ ಕೆಸರಿನಲ್ಲಿ ಮಾತ್ರ ಇದನ್ನು ತಿರುಗಾಮುರುಗಾ ಮಾಡಿ. ಕೆಳಗಿನ ಭಾಗವನ್ನು ಪೂರ್ತಿ ಎಳೆದರೆ ಲಾಕ್ ಕೆಸರಿನಿಂದ ಮೇಲಿರುತ್ತದೆ, ಮಣ್ಣು ಒಳಗೆ ಹೋಗುವುದಿಲ್ಲ. ಪಾದಗಳನ್ನು ಕೆಳಗೆ ಒತ್ತಿ ಕೂರಿಸಿ. ಗಿಂಬಲ್‌ಗೆ ಟ್ರೈಪಾಡಿನ ತಲೆ ಮಟ್ಟವಾಗಿರಬೇಕು. ಇಲ್ಲದಿದ್ದರೆ ಪಕ್ಕಕ್ಕೆ ತಿರುಗಿಸಿದಾಗ ನೀರಿನ ಗೆರೆ ವಾಲುತ್ತದೆ.

ಗಾಳಿ ಇದ್ದರೆ ಎತ್ತರ ಇಳಿಸಿ. ಕುತ್ತಿಗೆ ಪಟ್ಟಿ ಬಿಚ್ಚಿಡಿ, ಅದು ಪಟಪಟ ಹೊಡೆಯುತ್ತಲೇ ಇರುತ್ತದೆ. ದೊಡ್ಡ ಹುಡ್ ಗಾಳಿಯನ್ನು ಹಿಡಿದು ತಳ್ಳುತ್ತದೆ, ಬಿಸಿಲು ಎದುರಿಗಿಲ್ಲದಿದ್ದರೆ ತೆಗೆಯಿರಿ. ಬ್ಯಾಗನ್ನು ಕೊಕ್ಕೆಗೆ ನೇತು ಹಾಕುವುದಾದರೆ ತಳ ನೆಲಕ್ಕೆ ತಾಗುವಂತಿರಲಿ. ಗಾಳಿಯಲ್ಲಿ ತೂಗಾಡುವ ಬ್ಯಾಗ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ಗಿಂಬಲ್ ಸಡಿಲ ಬಿಟ್ಟು ಹಿಂಬಾಲಿಸುವಾಗ ಸ್ಟೆಬಿಲೈಸೇಶನ್ ಆನ್ ಇರಲಿ. ಎಲ್ಲ ಬಿಗಿ ಮಾಡಿ ನಿಧಾನ ಶಟರಿನಲ್ಲಿ ತೆಗೆಯುವಾಗ, ಹಳೆಯ ಲೆನ್ಸಾದರೆ ಆಫ್ ಮಾಡಿ. ಟ್ರೈಪಾಡ್ ಗುರುತಿಸುವ ಹೊಸ ಲೆನ್ಸಿನಲ್ಲಿ ಎರಡೂ ತೆಗೆದು ಹೋಲಿಸಿ ನೋಡಿ. ಎಡಗೈಯನ್ನು ಲೆನ್ಸಿನ ಮೇಲೆ ಮೆಲ್ಲಗೆ ಇಟ್ಟು, ಹುಬ್ಬನ್ನು ವ್ಯೂಫೈಂಡರಿಗೆ ಒತ್ತಿದರೆ ನಡುಕ ಇನ್ನೂ ಇಳಿಯುತ್ತದೆ. ಹಕ್ಕಿ ಕೂತೇ ಇದ್ದರೆ ಎಲೆಕ್ಟ್ರಾನಿಕ್ ಶಟರ್, 2 ಸೆಕೆಂಡ್ ಟೈಮರ್ ಬಳಸಿ. ಹೈಡಿನಲ್ಲಿ ಮರದ ಹಲಗೆಯ ನೆಲ ಇದ್ದರೆ, ಪಕ್ಕದವರು ಎದ್ದು ಓಡಾಡುವಾಗ ಶಟರ್ ಒತ್ತಬೇಡಿ.

ಎಷ್ಟೋ ಜನ ಟ್ರೈಪಾಡನ್ನು ಬೈಯುವುದು ಅದರದಲ್ಲದ ತಪ್ಪಿಗೆ. ಬಿಸಿಲೇರಿದ ಮೇಲೆ ಕೆರೆಯಂಗಳದ ಮೇಲಿನ ಗಾಳಿ ಕಾದು ಅಲೆಯಾಡುತ್ತದೆ. ನೂರಿನ್ನೂರು ಮೀಟರ್ ಆಚೆಯ ಹೆಬ್ಬಾತು ಹಿಗ್ಗಿಸಿದ ಪರದೆಯಲ್ಲಿ ಕುದಿಯುವಂತೆ ಕಾಣುತ್ತದೆ, ಗರಿಗಳು ಮೆತ್ತಗಾಗುತ್ತವೆ. ಪತ್ತೆ ಹಚ್ಚುವುದು ಸುಲಭ. ಹತ್ತಿರದ ಕಲ್ಲೊಂದನ್ನು ಅದೇ ಶಟರಿನಲ್ಲಿ ತೆಗೆಯಿರಿ. ಕಲ್ಲು ಚೂಪಾಗಿ ಬಂದು ಹಕ್ಕಿ ಮೆತ್ತಗೆ ಬಂದರೆ ಬಿಸಿಗಾಳಿಯ ಕೆಲಸ. ಎಷ್ಟು ದುಡ್ಡಿನ ಟ್ರೈಪಾಡ್ ತಂದರೂ ಅದಕ್ಕೆ ಮದ್ದಿಲ್ಲ. ಮುಂಜಾನೆ ಬೇಗ ಬನ್ನಿ, ಇಲ್ಲ ಹತ್ತಿರ ಹೋಗಿ.

ಹೊರುವುದು, ತೊಳೆಯುವುದು, ಹಳೆಯದು ಕೊಳ್ಳುವುದು

ಲೆನ್ಸ್ ಸಮೇತ ಹೆಗಲ ಮೇಲೆ ಹೊತ್ತು ನಡೆಯುವಾಗ ಗಿಂಬಲಿನ ಎರಡೂ ಲಾಕ್, ಕ್ಲಾಂಪ್, ಕಾಲರ್ ನಾಲ್ಕನ್ನೂ ಒಮ್ಮೆ ಬಿಗಿ ಮಾಡಿ. ದೂರ ನಡೆಯುವುದಿದ್ದರೆ ಲೆನ್ಸ್ ಬಿಚ್ಚಿ ಬ್ಯಾಗಿಗೆ ಹಾಕಿ. ಹೆಗಲು ನೋಯದಿರಲು ಏಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಸಿಗುತ್ತದಲ್ಲ, ಅದನ್ನು ಸೀಳಿ ಮೇಲಿನ ಕಾಲಿಗೆ ಸುತ್ತಿ ಟೇಪ್ ಹಾಕಿ. ಖರ್ಚು ಕಡಿಮೆ, ತೂಕ ಇಲ್ಲವೇ ಇಲ್ಲ ಅನ್ನಬಹುದು. ವಿಮಾನದಲ್ಲಿ ಹೋಗುವಾಗ ದೇಶದೊಳಗಿನ ಕೈಚೀಲದ ಮಿತಿ ಸಾಮಾನ್ಯವಾಗಿ 7 ಕಿಲೋ. ಆ ಜಾಗ ಲೆನ್ಸಿಗೆ ಬೇಕು. ಟ್ರೈಪಾಡನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಪೆಟ್ಟಿಗೆಗೆ ಹಾಕಿ, ಹೆಡ್ ಬಿಚ್ಚಿ ಬೇರೆ ಇಡಿ.

ಕಾರವಾರ, ಉಡುಪಿ ಕಡೆಯ ಕಡಲತೀರದಲ್ಲಿ ಬಳಸಿದರೆ ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪು ಒಣಗಿದ ಮೇಲೆ ಲೋಹದ ಭಾಗಗಳನ್ನು ತಿನ್ನತೊಡಗುತ್ತದೆ. ಮಳೆಗಾಲದಲ್ಲಿ ಒದ್ದೆ ಕಾಲನ್ನು ಮಡಚಿ ಚೀಲಕ್ಕೆ ತುರುಕಬೇಡಿ. ಬಿಡಿಸಿಟ್ಟು ಒಣಗಿಸಿ. ಮಣ್ಣು ಕರಕರ ಅಂದರೆ ಲಾಕ್ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಚೂರುಗಳು ಯಾವ ಕ್ರಮದಲ್ಲಿದ್ದವು ಅಂತ ಫೋನಿನಲ್ಲಿ ಫೋಟೋ ತೆಗೆದುಕೊಂಡು, ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ ಸೇರಿಸಿ.

ಹಳೆಯದು ಕೊಳ್ಳುವುದಕ್ಕೆ ಹಿಂಜರಿಯಬೇಡಿ. ಟ್ರೈಪಾಡ್ ಕ್ಯಾಮೆರಾದ ಹಾಗೆ ಹಳತಾಗುವ ವಸ್ತುವಲ್ಲ. ಹೊಸ 28 ಮಿ.ಮೀ. ದುಡ್ಡಿಗೆ ಹಳೆಯ ಒಳ್ಳೆಯ 32 ಸಿಕ್ಕರೆ ಹಳೆಯದನ್ನೇ ತಗೊಳ್ಳಿ. ಪ್ರತಿ ಕೊಳವೆಯನ್ನು ಪೂರ್ತಿ ಎಳೆದು, ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ ಬಿರುಕು ಇದೆಯಾ ನೋಡಿ. ಕಾಲಿನ ಬುಡಕ್ಕೆ ಬೆರಳಲ್ಲಿ ತಟ್ಟಿದರೆ ಮೂರೂ ಕಾಲು ಒಂದೇ ಸದ್ದು ಕೊಡಬೇಕು. ಲಾಕ್ ಬಿಗಿ ಮಾಡಿ, ಒಂದೊಂದು ಕಾಲಿನ ಮೇಲೂ ದೇಹದ ಭಾರ ಬಿಟ್ಟು ಒತ್ತಿ, ಜಾರುತ್ತದಾ ನೋಡಿ. ಮೇಲಿನ ಕೀಲುಗಳಲ್ಲಿ ಕಾಲು ಸಡಿಲವಾಗಿ ಬೀಳುತ್ತಿದ್ದರೆ ಹೆದರಬೇಡಿ. ಅಲೆನ್ ಕೀ ತಗೊಂಡು ಆ ಬೋಲ್ಟನ್ನು ಸುತ್ತಿನ ನಾಲ್ಕರಲ್ಲೊಂದು ಪಾಲು ತಿರುಗಿಸಿದರೆ ಸರಿಹೋಗುತ್ತದೆ. ಮಾರುವವರ ಜೊತೆ ಚೌಕಾಸಿ ಮುಗಿದ ಮೇಲೆ ತಿರುಗಿಸಿ.